ತಿಗನಾರೆಯ ಗಟ್ಟಿ ರಕ್ತ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಸೂಜಿ ಚುಚ್ಚಿದ ಹುಡುಗಿ ಆಮೇಲೆ ಫೋನಿನಲ್ಲಿ ಯಾರ ಜೊತೆಗೋ ಜಗಳಕ್ಕೆ ನಿಂತಳು. ನನ್ನ ರಕ್ತದ ಕೊಳವೆ ಎದುರಿಗೇ ಸ್ಟ್ಯಾಂಡಿನಲ್ಲಿ ಕೂತಿತ್ತು. ನಾನೂ ಕೂತೆ, ನನಗೇನು ಮನೆಯಲ್ಲಿ ಹಾಲು ಉಕ್ಕುತ್ತಿತ್ತೇ? ನೋಡನೋಡುತ್ತ ರಕ್ತ ಹೆಪ್ಪುಗಟ್ಟಿ ಕೆಳಗೆ ಕುಗ್ಗಿತು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿತು. ಹುಡುಗಿ ಜಗಳ ಮುಗಿಸಿ ಬಂದು ಕೊಳವೆಗೆ ಕೈ ಹಾಕಿದಾಗ ನನಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತು: "ಅಲ್ಲಾಡಿಸಬೇಡ ಕಣಮ್ಮ, ಸೀರಂ ಚೆನ್ನಾಗಿ ಬಿಟ್ಟಿದೆ." ಅವಳು ನನ್ನನ್ನು ನೋಡಿದ ರೀತಿ ಹೇಳತೀರದು. ಅಜ್ಜಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ತಲೆ ಕೆಟ್ಟಿಲ್ಲ. ಎಪ್ಪತ್ತರ ದಶಕ ಮುಗಿದು ಎಂಬತ್ತರದ್ದು ಶುರುವಾಗುವ ಕಾಲದಲ್ಲಿ ಒಂದು ಚಳಿಗಾಲವಿಡೀ ನಾನು ತಾಳವಾಡಿ ಬೆಟ್ಟದ ಮೇಲೆ ಆ ತಿಳಿಗಾಗಿ ದನಗಳ ಕೊರಳು ಹಿಡಿದು ನಿಂತವಳು. ಕೊಳ್ಳೇಗಾಲದ ಹುಡುಗಿ, ಬಿಎಸ್ಸಿ ಮಾಡಿದ ಜಂಬ ಬೇರೆ. ಬೆಟ್ಟದ ಕೆಳಗೆ, ದನಕರುಗಳ ಲಸಿಕೆ ತಯಾರಿಸುವ ಒಂದು ಲ್ಯಾಬಿನಲ್ಲಿ ಸಹಾಯಕಿ. ಮನೆಯಲ್ಲಿ ಮದುವೆ ಮಾತು ಎತ್ತಿದಾಗಲೆಲ್ಲ "ನನಗೆ ಕೆಲಸವಿದೆ" ಅಂತ ಮುಖ ತಿರುಗಿಸುತ್ತಿದ್ದೆ. ಎಂಥ ಕೆಲಸ ಅಂತ ಅವ್ವ ಕೇಳಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ದನದ ರಕ್ತ ಹಿಡಿಯುವ ಕೆಲಸ ಅಂತ ಹೇಳಿದ್ದರೆ ಬಂದ ಗಂಡೂ ಓಡಿಹೋಗುತ್ತಿತ್ತು.

ನಮ್ಮ ಮೇಲಧಿಕಾರಿ ಡಾಕ್ಟರ್ ತಂಗವೇಲು, ದನದ ಡಾಕ್ಟರು. ಸಣಕಲು ಆಳು, ಮಾತು ಕಡಿಮೆ. ಕೋಪ ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಸಂತೋಷವಾದರೂ ಅದನ್ನೇ ಮಾಡುತ್ತಿದ್ದರು. ಅವರ ತಲೆಯಲ್ಲಿದ್ದದ್ದು ಒಂದೇ ಹುಳು. ಕಾಲುಬಾಯಿ ಜ್ವರದ ಲಸಿಕೆ ಬಡವರ ಕೊಟ್ಟಿಗೆಗೆ ಬರಬೇಕು ಅನ್ನುವುದು. ಲಸಿಕೆ ಆಗಲೂ ಇತ್ತು. ಆದರೆ ಅದು ದೊಡ್ಡ ಡೈರಿಗಳ ಸೀಮೆ ಹಸುಗಳಿಗೇ ಸಾಲುತ್ತಿರಲಿಲ್ಲ, ಕಾಡಂಚಿನ ನಾಟಿ ದನಗಳನ್ನು ಕೇಳುವವರು ಯಾರು? ಆ ರೋಗದ ವೈರಸ್ ಬರೀ ನೀರಿನಲ್ಲಿ ಬೆಳೆಯುವ ಜಾತಿಯಲ್ಲ. ಅದಕ್ಕೆ ಜೀವಂತ ಕೋಶಗಳೇ ಬೇಕು. ಗಾಜಿನ ಸೀಸೆಯೊಳಗೆ ಜೀವಕೋಶಗಳನ್ನು ಸಾಕಬೇಕು. ಅವು ಗಾಜಿಗೆ ತೆಳ್ಳಗೆ ಕೆನೆಯಂತೆ ಹರಡಿಕೊಂಡ ಮೇಲೆ ವೈರಸ್ ಬಿಡಬೇಕು. ಅದು ಕೋಶಗಳನ್ನು ತಿಂದು ಬೆಳೆಯುತ್ತದೆ. ಹಾಗೆ ಬೆಳೆದದ್ದನ್ನು ಕೊಂದು ಲಸಿಕೆ ಮಾಡುತ್ತಾರೆ. ಸರಿ, ಆದರೆ ಆ ಕೋಶಗಳಿಗೆ ಊಟ ಹಾಕಬೇಕಲ್ಲ, ಎಲ್ಲ ಖರ್ಚೂ ಇರುವುದು ಅಲ್ಲೇ. ಉಪ್ಪು, ಸಕ್ಕರೆ, ಹಾಲಿನಿಂದ ತೆಗೆದ ಸತ್ವ, ಇವೆಲ್ಲ ನಮ್ಮಲ್ಲೇ ಸಿಗುತ್ತಿದ್ದವು. ಸೀರಂ ಮಾತ್ರ ಹೊರದೇಶದಿಂದ ಬರಬೇಕಿತ್ತು. ಎಳೆಗರುವಿನ ಸೀರಂ, ಚಿನ್ನದ ಬೆಲೆ. ಅದರ ಸೀಸೆ ಒಡೆದ ಒಬ್ಬ ಹುಡುಗಿ ವಾರವೆಲ್ಲ ಊಟ ಬಿಟ್ಟು ಅತ್ತದ್ದನ್ನು ನಾನೇ ನೋಡಿದ್ದೇನೆ.

ಅದರ ಬದಲು ನಮ್ಮ ಹಳ್ಳಿ ದನದ ಸೀರಂ ಹಾಕಿದರೆ ಕೋಶ ಬೆಳೆಯುತ್ತದೆಯೇ? ಬೆಳೆಯುತ್ತದೆ ಅನ್ನುವುದನ್ನು ಡಾಕ್ಟರು ಆಗಲೇ ಕಂಡುಕೊಂಡಿದ್ದರು. ಒಂದೇ ತೊಡಕು. ಆ ದನಕ್ಕೆ ಹುಟ್ಟಿದಾರಭ್ಯ ಕಾಲುಬಾಯಿ ಜ್ವರ ಬಂದಿರಬಾರದು. ಒಮ್ಮೆ ಬಂದು ವಾಸಿಯಾದ ದನದ ರಕ್ತದಲ್ಲಿ ಆ ವೈರಸ್ಸಿನ ಶತ್ರು ಹುಟ್ಟಿಕೊಂಡಿರುತ್ತದೆ. ಆ ಸೀರಂ ಸೀಸೆಗೆ ಹಾಕಿದರೆ ಕೋಶವೇನೋ ಬೆಳೆಯುತ್ತದೆ, ವೈರಸ್ ಸಾಯುತ್ತದೆ. ದೊಡ್ಡ ಲ್ಯಾಬುಗಳಲ್ಲಿ ಕೋಶ ಬೆಳೆದ ಮೇಲೆ ಆ ಊಟವನ್ನು ಚೆಲ್ಲಿ, ತೊಳೆದು, ಬೇರೆ ಹಾಕುತ್ತಾರೆ. ನಮಗೆ ಅಷ್ಟು ಐಶ್ವರ್ಯ ಇರಲಿಲ್ಲ. ಡಾಕ್ಟರ ಲೆಕ್ಕಾಚಾರ ನಿಂತದ್ದೇ ಏನನ್ನೂ ಚೆಲ್ಲದೆ ಒಂದೇ ಊಟದಲ್ಲಿ ಎರಡೂ ಕೆಲಸ ಮುಗಿಸುವುದರ ಮೇಲೆ. ಹೀಗಾಗಿ ರೋಗ ಕಾಣದ ದನ ಬೇಕಾಗಿತ್ತು. ಬಯಲುಸೀಮೆಯಲ್ಲಿ ಅಂಥ ದನ ಎಲ್ಲಿ ಸಿಗಬೇಕು? ಸಂತೆಯಿಂದ ಸಂತೆಗೆ ತಿರುಗಿದ ದನ ಎಲ್ಲ ರೋಗವನ್ನೂ ನೋಡಿರುತ್ತದೆ. ಹುಡುಕಿಕೊಂಡು ನಾವು ಘಟ್ಟ ಹತ್ತಿದೆವು.

ತಾಳವಾಡಿ ಬಳಿಯ ತಿಗನಾರೆ ಅನ್ನುವ ಊರಿನ ದನಗಳು ಸಂತೆ ಕಂಡವಲ್ಲ. ಮಳೆ ನಂಬಿದ ರಾಗಿ ಹೊಲ, ಹೊಲಕ್ಕೆ ನುಗ್ಗುವ ಆನೆ ಹಂದಿ, ಊರಾಚೆ ಕಾಡು. ದನ ಬೆಳಿಗ್ಗೆ ಕಾಡಂಚಿಗೆ ಹೋಗಿ ಸಂಜೆ ಬರುತ್ತಿದ್ದವು. ಆ ಊರಿಗೆ ಕಾಲುಬಾಯಿ ಜ್ವರ ಬಂದು ಎಷ್ಟೋ ವರ್ಷವಾಗಿತ್ತು, ಈಗಿದ್ದ ದನಗಳಲ್ಲಿ ಒಂದೂ ಅದನ್ನು ಕಂಡಿರಲಿಲ್ಲ. ಊರಿನ ಶಿವಾಚಾರದ ಮನೆಗಳ ಕೇರಿಯಲ್ಲಿ ಸಿದ್ದಮ್ಮಣ್ಣಿಯ ಮನೆ ದೊಡ್ಡದು. ಗಂಡ ಸತ್ತು, ಮಗ ಮಾದಪ್ಪನನ್ನು ಮುಂದಿಟ್ಟುಕೊಂಡು ಬೇಸಾಯ ನಡೆಸುತ್ತಿದ್ದ ಹೆಂಗಸು. ಎತ್ತರದ ಆಳು, ಹಣೆ ತುಂಬ ಈಬತ್ತಿ, ಗಂಟಲು ಮೂರು ಹೊಲ ದಾಟಿ ಕೇಳಿಸುತ್ತಿತ್ತು. ದನ ಕಾಯುವವನ ಹೆಸರು ಜಡೆಯ, ಪಕ್ಕದ ಪೋಡಿನವನು, ಅಂದರೆ ಸೋಲಿಗರ ಹಾಡಿಯವನು. ಅವನನ್ನು ದಿನಾ ಬೈಯುತ್ತಿದ್ದಳು, ದಿನಾ ಮೊದಲ ಮುದ್ದೆಯನ್ನು ಅವನಿಗೇ ಇಡುತ್ತಿದ್ದಳು.

ನಾವು ಹೋದ ದಿನ ಕೇರಿಯವರೆಲ್ಲ ಅವಳ ಜಗಲಿಗೆ ಬಂದರು. ಡಾಕ್ಟರು ತಮಿಳಿನಲ್ಲೇ ಮಾತಾಡಿದರು; ತಮಿಳುನಾಡಿಗೆ ಸೇರಿದ ಕನ್ನಡದ ಊರು, ಅಲ್ಲಿ ತಮಿಳು ಬಾರದವರು ಯಾರೂ ಇರಲಿಲ್ಲ. ನಿಮ್ಮ ದನದ ರಕ್ತ ಸ್ವಲ್ಪ ಕೊಡಿ, ಅದರಿಂದ ಕಾಲುಬಾಯಿ ಜ್ವರಕ್ಕೆ ಮದ್ದು ಮಾಡುತ್ತೇವೆ, ಮೊದಲ ಮದ್ದು ನಿಮ್ಮ ದನಕ್ಕೇ ಹಾಕುತ್ತೇವೆ. ಅಷ್ಟೇ ಹೇಳಿದ್ದು. ಯಾವ ಊರಿಗೆ ಹೋದರೂ ಹೇಳುತ್ತಿದ್ದದ್ದು ಅಷ್ಟೇ. ಜೀವಕೋಶ ಅಂದರೇನು, ಅದರ ಊಟ ಅಂದರೇನು ಅಂತ ಜಗಲಿಯ ಮೇಲೆ ಕೂತು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ?

ರಕ್ತ ಅಂದೊಡನೆ ಕೆಲವರು ಎದ್ದರು. ಲಿಂಗ ಕಟ್ಟಿದ ಮನೆ, ಕೊಟ್ಟಿಗೆಯಲ್ಲಿ ದನದ ರಕ್ತ ಹಿಡಿಯುವುದುಂಟೇ ಅಂತ ಒಬ್ಬ ಮುದುಕರು ಮೂಗು ಮುರಿದರು. ಸಿದ್ದಮ್ಮಣ್ಣಿ ಕೂತಲ್ಲಿಂದಲೇ ಕೇಳಿದಳು:

"ದನ ಸಾಯ್ತದಾ ಡಾಕ್ಟ್ರೇ?"

"ಇಲ್ಲಮ್ಮ. ಎರಡು ದಿನ ಚೆನ್ನಾಗಿ ಮೇಯಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ."

"ಅಂಗಾರೆ ಆಲು ಕರ್ದಂಗೆ ಕನಾ ಬುಡಿ. ಕೆಚ್ಚಲಲ್ಲಿ ಕರ್ಯೋದು ಕೊರಳಲ್ಲಿ ಕರೀತಾರೆ. ನನ್ ಅಟ್ಟೀಲಿ ಮೊದ್ಲು ಮಾಡ್ಕಳಿ." ಆಮೇಲೆ ಬೆರಳೆತ್ತಿ ಕರಾರು ಹಾಕಿದಳು. "ಸೋಮ್ವಾರ ಮಾತ್ರ ಬ್ಯಾಡ. ಬಸ್ವನ್ನ ಮುಟ್ಟಂಗಿಲ್ಲ."

ಅವಳ ಹಟ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಮಗಳನ್ನು ಗೆಟ್ಟವಾಡಿಗೆ ಕೊಟ್ಟಿದ್ದಳು. ಹಿಂದಿನ ವರ್ಷ ಚಾಮರಾಜನಗರದ ಕಡೆಯಿಂದ ಅಲ್ಲಿಗೆ ರೋಗ ಬಂದು ಹೊಕ್ಕಿತ್ತು. ದೊಡ್ಡ ದನ ನೊರೆ ಸುರಿಸಿ, ಕುಂಟಿ, ಹೇಗೋ ಬದುಕಿದವು. ಕರುಗಳು ಮಾತ್ರ ಹಾಲು ಕುಡಿಯುತ್ತ ಕುಡಿಯುತ್ತಲೇ ಬಿದ್ದು ಸತ್ತವು. ಸಿದ್ದಮ್ಮಣ್ಣಿ ಆಗ ಮಗಳ ಮನೆಯಲ್ಲೇ ಇದ್ದಳಂತೆ. "ಬಾಯಲ್ಲಿ ಆಲು ಇದ್ದಂಗೇ ಸತ್ತೊ ಕನಾ ಕೂಸೇ," ಅಂತ ನನ್ನ ಹತ್ತಿರ ಹೇಳುವಾಗ ಆ ದೊಡ್ಡ ಗಂಟಲು ಸಣ್ಣಗಾಗುತ್ತಿತ್ತು. ಈ ವರ್ಷ ಅವಳ ಕೊಟ್ಟಿಗೆಯಲ್ಲೂ ಕರುಗಳು ಬಹಳ ಇದ್ದವು. ಕೇರಿಯಲ್ಲೆಲ್ಲ ಅದೊಂದು ಕರು ಹುಟ್ಟಿದ ವರ್ಷ. ರೋಗ ಘಟ್ಟದ ಮೇಲಿನ ಹಾದಿಯಲ್ಲೇ ಇದೆ, ಇವತ್ತಲ್ಲ ನಾಳೆ ಇಲ್ಲಿಗೆ ಬರುತ್ತದೆ, ಬರುವ ಮೊದಲು ಮದ್ದು ಬರಬೇಕು. ಅವಳಿಗೆ ಇನ್ಯಾವುದೂ ಬೇಕಾಗಿರಲಿಲ್ಲ.

ರಾಗಿ ಕೊಯ್ಲು ನಡೆದಿತ್ತು. ಬೆಳಗಿನ ಮಂಜು ಕರಗುವ ಹೊತ್ತಿಗೆ ಜಡೆಯ ಒಂದೊಂದೇ ದನವನ್ನು ಕಂಬಕ್ಕೆ ತಂದು ಕಟ್ಟುತ್ತಿದ್ದ. ಮಾದಪ್ಪ ಕೊಂಬು ಹಿಡಿಯುತ್ತಿದ್ದ. ಕೊರಳಿಗೆ ಹಗ್ಗ ಬಿಗಿದರೆ ನರ ಬೆರಳು ಗಾತ್ರ ಉಬ್ಬುತ್ತಿತ್ತು. ಡಾಕ್ಟರು ದಪ್ಪ ಸೂಜಿ ಚುಚ್ಚುತ್ತಿದ್ದರು, ನಾನು ಸೀಸೆ ಹಿಡಿಯುತ್ತಿದ್ದೆ. ಸಿದ್ದಮ್ಮಣ್ಣಿ ಪ್ರತಿ ದನದ ಕೊರಳನ್ನೂ ಮೊದಲು ಅರಿಶಿನದ ನೀರಿನಲ್ಲಿ ತೊಳೆಯುತ್ತಿದ್ದಳು, ಮುಗಿದ ಮೇಲೆ ಈಬತ್ತಿ ಹಚ್ಚುತ್ತಿದ್ದಳು. ಚುಚ್ಚುವ ಜಾಗಕ್ಕೆ ಅರಿಶಿನ ಬೇಡಮ್ಮ, ನಾವು ಸ್ಪಿರಿಟ್ಟಿನಲ್ಲಿ ಒರೆಸುತ್ತೇವೆ ಅಂದರೆ, "ನಿಮ್ದು ನೀವ್ ಒರ್ಸ್ಕಳಿ, ನಂದು ನಾ ತೊಳೀತೀನಿ" ಅಂತ ಬಾಯಿ ಮುಚ್ಚಿಸುತ್ತಿದ್ದಳು. ರಾಗಿ ಕಣಜದ ಪಕ್ಕದ ತಣ್ಣನೆ ಕೋಣೆಯನ್ನು ನಮಗೆ ಬಿಟ್ಟಿದ್ದಳು. ಸೀಸೆಗಳನ್ನು ಅಲ್ಲಿ ಓರೆಯಾಗಿ ಮಲಗಿಸಿ, ಮಾರನೆಯ ದಿನ ತಿಳಿ ಬಸಿಯುತ್ತಿದ್ದೆವು. ಕಿಟಕಿಯ ಬೆಳಕಿಗೆ ಹಿಡಿದರೆ ಸೀರಂ ಅಷ್ಟು ಚೆಂದ ಕಾಣುತ್ತಿತ್ತು, ನನಗೆ ಯಾಕೋ ಹೆಮ್ಮೆ.

ಐಸಿನ ಡಬ್ಬದಲ್ಲಿ ಅದನ್ನು ತುಂಬಿಕೊಂಡು ಜೀಪಿನಲ್ಲಿ ಘಟ್ಟ ಇಳಿಯುವಾಗ ದಿಂಬಂನಲ್ಲಿ ಚಹಾಕ್ಕೆ ನಿಂತೆವು. ಮಂಜಿನಲ್ಲಿ ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ಚಹಾ ಅಂಗಡಿಯವನು ಡಬ್ಬದೊಳಗೆ ಇಣುಕಿ, "ಏನಮ್ಮಾ, ತೇನಾ?" ಅಂದ, ಜೇನು ಅಂದುಕೊಂಡು. ಡಾಕ್ಟರು ನಕ್ಕರು. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. "ಅದಕ್ಕಿಂತ ಮೇಲಪ್ಪಾ" ಅಂದರು.

ಕೆಳಗೆ ಲ್ಯಾಬಿನಲ್ಲಿ ಆ ಮೊದಲ ಸೀರಂ ಪರೀಕ್ಷೆ ಮಾಡಿದೆವು. ಶುದ್ಧ. ಅದರಲ್ಲಿ ರೋಗದ ಸುಳಿವೇ ಇರಲಿಲ್ಲ. ಊಟ ಕಲಸಿ ಕೋಶಗಳಿಗೆ ಹಾಕಿದೆವು, ಹರಡಿಕೊಂಡವು. ವೈರಸ್ ಬಿಟ್ಟೆವು. ಎರಡನೆಯ ಬೆಳಿಗ್ಗೆ ಸೀಸೆ ಎತ್ತಿ ನೋಡಿದರೆ ಗಾಜಿನ ಮೇಲಿನ ಕೆನೆ ಹರಿದು ಚಿಂದಿಯಾಗಿ ತೇಲುತ್ತಿತ್ತು. ನಮ್ಮ ಕಸುಬಿನ ವಿಚಿತ್ರ ಅದು. ಮುದ್ದಾಗಿ ಸಾಕಿದ ಕೋಶಗಳೆಲ್ಲ ಸತ್ತರೆ ನಮಗೆ ಹಬ್ಬ. ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹೊರದೇಶದ ಒಂದು ಹನಿಯೂ ಇಲ್ಲದೆ, ತಿಗನಾರೆಯ ದನದ ಸೀರಂನಿಂದ ಲಸಿಕೆ ಆಗುತ್ತದೆ! ಅವರ ಮೇಲಿನವರು ಒಂದು ಮಾತು ಹೇಳಿದರು. ಸಣ್ಣ ಸೀಸೆಯಲ್ಲಿ ಆದದ್ದು ಲೆಕ್ಕಕ್ಕಿಲ್ಲ. ದೊಡ್ಡ ಪ್ರಮಾಣದಲ್ಲಿ ಒಮ್ಮೆ ಮಾಡಿ ತೋರಿಸಿ, ಬೇಸಿಗೆಯೊಳಗೆ. ಅದು ಆಯಿತು ಅಂದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಇಲ್ಲ.

ಸುದ್ದಿ ಹೇಳಲು ಮತ್ತೆ ತಿಗನಾರೆಗೆ ಹೋದೆವು. ಸಿದ್ದಮ್ಮಣ್ಣಿ ಪಾಯಸ ಮಾಡಿಸಿದಳು. ಸಂಕ್ರಾಂತಿ ಕಳೆದು ಬರುತ್ತೇವೆ, ಈ ಸಲ ಕೇರಿಯ ಅಷ್ಟೂ ದನದ ರಕ್ತ ಬೇಕು ಅಂತ ಡಾಕ್ಟರು ಕೇಳಿದರು.

"ಕೇರೀನ ನಾ ಒಪ್ಪುಸ್ತೀನಿ. ಮದ್ದು ಬತ್ತದಲ್ಲ?"

"ಖಂಡಿತ ಬರುತ್ತದಮ್ಮ."

"ಈ ಸಲಿ ನೀವ್ ಬರೋ ವೊತ್ಗೆ ರಕ್ತ ಗಟ್ಟಿ ಮಾಡಿ ಮಡಗಿರ್ತೀನಿ. ನೋಡೀರಂತೆ."

ಹುರುಳಿ, ಹಿಂಡಿ ಹಾಕಿ ಮೇಯಿಸುತ್ತಾಳೆ ಅಂದುಕೊಂಡೆವು. ಅದರಲ್ಲಿ ಬೇರೆ ಏನು ಅಂದುಕೊಳ್ಳುವುದಿತ್ತು?

ಸಂಕ್ರಾಂತಿ ಕಳೆದು ಹೋದಾಗ ದನಗಳು ಒಂದಿಷ್ಟು ಇಳಿದಂತಿದ್ದವು, ಅಷ್ಟೆ. ಮೈ ನುಣುಪಾಗಿತ್ತು, ಮೇವು ಚೆನ್ನಾಗಿ ತಿನ್ನುತ್ತಿದ್ದವು. ಕೇರಿಯ ಕರುಗಳು ಕೊಟ್ಟಿಗೆಗಳಲ್ಲಿ ಇರಲಿಲ್ಲ. ಎಲ್ಲಿ ಅಂದರೆ, "ಜಡೆಯನ ಪೋಡಿನ ತಾವು ದೊಡ್ಡೀಲಿ ಅವ. ಅಲ್ಲಿ ಎಳೆ ಉಲ್ಲು ಸಂದಾಗದ" ಅಂದಳು ಸಿದ್ದಮ್ಮಣ್ಣಿ. ಇರಬಹುದು ಅಂದುಕೊಂಡೆವು. ಹಿಂದಿನ ಸಲ ಹಿಂಜರಿದ ಮುದುಕರೂ ಈ ಸಲ ತಾವೇ ದನ ಹಿಡಿದು ಬಂದರು. ಇಡೀ ಕೇರಿಗೆ ಏನೋ ಒಂದು ಹುರುಪು, ನಮಗೆ ಗೊತ್ತಿಲ್ಲದ್ದೊಂದು ಅವರಿಗೆ ಗೊತ್ತಿರುವಂತೆ. ಹೊರಡುವಾಗ ಸಿದ್ದಮ್ಮಣ್ಣಿ ಸೀಸೆಯೊಂದನ್ನು ತಾನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಈಗ ಸರಿ" ಅಂದಳು. ಎಲ್ಲ ಸೀರಂ ಒಂದೇ ದೊಡ್ಡ ಜಾಡಿಗೆ ಸುರಿದು, ಕಲಸಿ, ಕೆಳಗೆ ತಂದೆವು. ಹಿಂದಿನ ಪರೀಕ್ಷೆಯಲ್ಲಿ ಆ ಕೇರಿಯ ದನಗಳು ಶುದ್ಧ ಅಂತ ಬಂದಿತ್ತು. ಇನ್ನೊಂದು ಪರೀಕ್ಷೆಗೆ ಬೇಕಾದ ಸಾಮಾನು ಲ್ಯಾಬಿನಲ್ಲಿ ಮುಗಿದಿತ್ತು, ಬೇಸಿಗೆ ಹತ್ತಿರ ಬರುತ್ತಿತ್ತು, ಪರೀಕ್ಷೆ ಮಾಡದೆಯೇ ಊಟಕ್ಕೆ ಕಲಸಿದೆವು.

ಕೋಶಗಳು ಹಿಂದೆಂದೂ ಬೆಳೆಯದಷ್ಟು ಚೆನ್ನಾಗಿ ಬೆಳೆದವು. ವೈರಸ್ ಬಿಟ್ಟೆವು. ಎರಡನೆಯ ಬೆಳಿಗ್ಗೆ ನಾನೇ ಮೊದಲು ಹೋಗಿ ನೋಡಿದೆ. ಗಾಜಿನ ಮೇಲೆ ಕೆನೆ ಹಾಗೇ ಕೂತಿತ್ತು, ಒಂದು ಸೀಳೂ ಇಲ್ಲ. ತಡವಾಗಿರಬಹುದು ಅಂದರು ಡಾಕ್ಟರು. ಮೂರನೆಯ ದಿನವೂ ಹಾಗೇ. ಇನ್ನಷ್ಟು ವೈರಸ್ ಹಾಕಿದೆವು. ಸೀಸೆಯ ಸಾಲಿನ ಉದ್ದಕ್ಕೂ ಒಂದೊಂದನ್ನೇ ಎತ್ತಿ ನೋಡುತ್ತ ಹೋದೆ. ಎಲ್ಲ ಕೋಶಗಳೂ ಬದುಕಿದ್ದವು, ಹಾಳಾದ್ದು, ದಷ್ಟಪುಷ್ಟವಾಗಿ ಬದುಕಿದ್ದವು. ಅಷ್ಟು ಆರೋಗ್ಯ ನಮಗೆ ಬೇಕಿರಲಿಲ್ಲ. ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಲೇ ಇಲ್ಲ. ಹಾಗೇ ಬಗ್ಗಿಕೊಂಡು ಹೇಳಿದರು: "ಆ ದನಗಳಿಗೆ ರೋಗ ಬಂದು ಹೋಗಿದೆ. ಬೇರೆ ಕಾರಣವೇ ಇಲ್ಲ."

"ಬಂದಿದ್ದರೆ ನಮಗೆ ಹೇಳುತ್ತಿರಲಿಲ್ಲವಾ ಸಾರ್?"

ಆ ವಾರವೇ ಮೇಲಿನವರು ಬಂದು ಸೀಸೆಗಳನ್ನು ನೋಡಿ ಹೋದರು. ಹಳ್ಳಿ ದನದ ಸೀರಂ ನಂಬುವಂಥದ್ದಲ್ಲ ಅಂತ ತೀರ್ಮಾನವಾಯಿತು. ಕೆಲಸ ನಿಂತಿತು. ಇನ್ನೊಂದು ಸಲ ಕೊಡಿ ಅಂತ ಡಾಕ್ಟರು ಕೇಳಿದ್ದನ್ನು ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ. ಅಷ್ಟು ದೊಡ್ಡ ಮನುಷ್ಯ, ಅಷ್ಟು ಸಣ್ಣ ದನಿಯಲ್ಲಿ ಬೇಡಿಕೊಳ್ಳುತ್ತಿದ್ದರು.

ಹೇಳದೆ ಸುಮ್ಮನಿರಲು ಅವರಿಗೆ ಮನಸ್ಸು ಬರಲಿಲ್ಲ. ಮದ್ದು ಬರುವುದಿಲ್ಲ ಅಂತ ತಿಗನಾರೆಗೆ ಹೋಗಿ ನಾವೇ ಹೇಳಬೇಕು ಅಂದರು. ಜೀಪು ಕೊಡಲಿಲ್ಲ, ಬಸ್ಸಿನಲ್ಲಿ ಹೋದೆವು. ಬಿಸಿಲು ಏರಿತ್ತು, ಘಟ್ಟದ ಕಾಡೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಊರ ಹೊರಗೆ ಜಡೆಯ ಸಿಕ್ಕಿದ. ಹೆಗಲ ಮೇಲೆ ಗುದ್ದಲಿ. ನಮ್ಮನ್ನು ನೋಡಿ ದಾರಿಯ ಅಂಚಿಗೆ ನಿಂತ.

"ಎಲ್ಲಿಗೆ ಜಡೆಯ, ಗುದ್ದಲಿ ಇಟ್ಕೊಂಡು?" ಅಂದೆ.

"ಕರ ಊಣಕೆ ಅಮ್ಮಾವ್ರೇ. ಇವತ್ತೂ ಒಂದು ಓಯ್ತು."

"ಏನಾಯಿತು?"

"ಕೇರಿ ಕರ ಎಲ್ಲಾ ಓದೊ. ಇದೇ ಕಡೇದು." ಅವನು ಅಳುತ್ತಿರಲಿಲ್ಲ, ಮುಖ ಮಾತ್ರ ಬೂದಿಯಾಗಿತ್ತು. ಡಾಕ್ಟರು ಅವನ ಭುಜ ಹಿಡಿದು ಕೂರಿಸಿದರು. ಅವನು ಹೇಳಿದ. ನಾವು ಸುದ್ದಿ ಹೇಳಿ ಪಾಯಸ ತಿಂದು ಹೋದ ಮೇಲೆ, ಸಂಕ್ರಾಂತಿಗೆ ಮೊದಲೇ, ಗೆಟ್ಟವಾಡಿಯಲ್ಲಿ ಮತ್ತೆ ರೋಗ ಕಾಣಿಸಿಕೊಂಡಿತಂತೆ. ಸಿದ್ದಮ್ಮಣ್ಣಿ ಮಗನನ್ನು ಕಳಿಸಿದಳಂತೆ. ಮಾದಪ್ಪ ಅಲ್ಲಿ ಹಗುರವಾಗಿ ರೋಗ ಬಂದಿದ್ದ ಒಂದು ಎತ್ತಿನ ಬಾಯಿಯ ನೊರೆಯನ್ನು ಕಂಬಳಿ ತುಂಡಿಗೆ ಹೀರಿಸಿ, ಮಡಕೆಯಲ್ಲಿ ಮುಚ್ಚಿಕೊಂಡು ತಂದನಂತೆ. ಕೇರಿಯ ಅಷ್ಟೂ ದನದ ಬಾಯಿಯನ್ನು ಅದರಿಂದ ಒರೆಸಿದರಂತೆ.

ಬಾಯಿ ಒರೆಸುವುದು ಆ ಕಡೆಯ ಹಳೆಯ ಪದ್ಧತಿ. ರೋಗ ಹತ್ತಿರ ಬಂತು ಅಂದರೆ ಕಾಯುತ್ತ ಕೂರುತ್ತಿರಲಿಲ್ಲ. ತಾವೇ ತಂದು ಒರೆಸಿದರೆ ಎಲ್ಲ ದನಕ್ಕೂ ಒಟ್ಟಿಗೆ ಬರುತ್ತದೆ, ಹಗುರವಾಗಿ ಬರುತ್ತದೆ, ಉಳುಮೆಗೆ ಮೊದಲೇ ಮುಗಿದುಹೋಗುತ್ತದೆ. ಸಿದ್ದಮ್ಮಣ್ಣಿ ತನ್ನ ಅತ್ತೆಯ ಕಾಲದಲ್ಲಿ ಅದನ್ನು ನೋಡಿದ್ದಳು. ಈ ಸಲ ಅವಳು ಮಾಡಿಸಿದ್ದು ಉಳುಮೆಗಾಗಿ ಅಲ್ಲ. ಕರುಗಳಿಗೆ ಸೋಂಕಬಾರದು ಅಂತ ಮೊದಲೇ ಅವನ್ನು ಜಡೆಯನ ದೊಡ್ಡಿಗೆ ಸಾಗಿಸಿ, ಕಾಯಿಸಿ ಆರಿಸಿದ ಹಾಲನ್ನು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿದು ಕುಡಿಸಿದ್ದಾರೆ. ತಾಯಂದಿರ ಬಾಯಿ, ಗೊರಸು ಎಲ್ಲ ವಾಸಿಯಾಗಿ, ನಾವು ರಕ್ತ ತೆಗೆದುಕೊಂಡು ಹೋಗಿ, ಅದಾಗಿ ಎಷ್ಟೋ ದಿನ ಬಿಟ್ಟು ಕರುಗಳನ್ನು ಕೊಟ್ಟಿಗೆಗೆ ತಂದಿದ್ದಾರೆ. ಇನ್ನೆಷ್ಟು ಎಚ್ಚರಿಕೆ ವಹಿಸಬೇಕಾಗಿತ್ತು? ಆದರೂ ಎಲ್ಲೋ ಯಾವುದೋ ಒಂದು ಹಸುವಿನ ಗೊರಸಿನ ಸಂದಿಯಲ್ಲೋ ಕೆಚ್ಚಲಿನಲ್ಲೋ ಅದು ಉಳಿದಿತ್ತು.

"ಯಾಕೆ ಒರೆಸಿದರು ಜಡೆಯ?" ಅಂತ ಡಾಕ್ಟರು ಕೇಳಿದರು. ಅವರಿಗೆ ಗೊತ್ತಾಗಿಬಿಟ್ಟಿತ್ತು ಅನ್ನಿಸುತ್ತದೆ, ಆದರೂ ಕೇಳಿದರು.

"ರಕ್ತ ಗಟ್ಟಿ ಆಗ್ಲಿ ಅಂತ ಸೋಮಿ. ರೋಗ ಗೆದ್ದ ದನದ ರಕ್ತ ಅಲ್ವ್ರಾ ಮದ್ದು? ಗೆಲ್ದೆ ಇರೋದ್ರಲ್ಲಿ ಏನಿದ್ದದು?"

ಡಾಕ್ಟರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಡೆದರು.

ಕೇರಿಯಲ್ಲಿ ಯಾರೂ ನಮ್ಮನ್ನು ಮಾತಾಡಿಸಲಿಲ್ಲ. ಸಿದ್ದಮ್ಮಣ್ಣಿಯನ್ನೂ ಮಾತಾಡಿಸುವುದು ಬಿಟ್ಟಿದ್ದರು. ಅವಳ ಮಾತು ಕೇಳಿಯೇ ಎಲ್ಲರೂ ಒರೆಸಿದ್ದು, ಎಲ್ಲರ ಕರುವೂ ಹೋಗಿತ್ತು. ಅವಳೊಬ್ಬಳೇ ಜಗಲಿಯ ಮೇಲೆ ಕೂತಿದ್ದಳು. ಇಳಿದುಹೋಗಿದ್ದಳು. ಆದರೆ ನಮ್ಮನ್ನು ಕಂಡದ್ದೇ ಎದ್ದಳು, ಆ ಮುಖದಲ್ಲಿ ಬಂದ ಆಸೆಯನ್ನು ನಾನು ಹೇಗೆ ಹೇಳಲಿ?

"ಬಂದ್ರಾ! ಮದ್ದು ತಂದ್ರಾ ಡಾಕ್ಟ್ರೇ? ಬಾ ಕೂಸೇ, ಕೂತ್ಕೊ. ಏ ಮಾದಪ್ಪ, ಕೇರಿಯೋರ್ನ ಕೂಗ್ಲಾ, ಮದ್ದು ಬಂತು ಅನ್ನು. ಬೈದ್ರಲ್ಲ ಮುಂಡೇವು, ಈಗ ಬರ್ಲಿ." ಮಾದಪ್ಪ ಒಳಗಿನಿಂದ ಬಂದು ನಮ್ಮ ಮುಖ ನೋಡಿ ಅಲ್ಲೇ ನಿಂತ.

ಡಾಕ್ಟರು ಜಗಲಿಯ ಮೇಲೆ ಕೂತರು. "ಮದ್ದು ಬರಲಿಲ್ಲಮ್ಮ. ಲ್ಯಾಬಿನಲ್ಲಿ ಕರೆಂಟು ಕೆಟ್ಟಿತು. ಎಲ್ಲ ಹಾಳಾಯಿತು."

ಹಸಿ ಸುಳ್ಳು. ಅವರ ಬಾಯಿಂದ ಸುಳ್ಳು ಕೇಳಿದ್ದೂ ಅದೇ ಮೊದಲು. ನನಗೆ ಎದೆ ಹಗುರವಾಯಿತು, ಅಷ್ಟಕ್ಕೇ ಮುಗಿಯಲಿ, ಎದ್ದು ಹೋಗಿಬಿಡೋಣ ಅನ್ನಿಸಿತು. ಸಿದ್ದಮ್ಮಣ್ಣಿ, ಶಿವನೇ, ಅವರನ್ನೇ ಸಮಾಧಾನ ಮಾಡತೊಡಗಿದಳು.

"ಓಗ್ಲಿ ಬುಡಿ. ನೀವ್ ಯಾಕ್ ಇಂಗ್ ಕೂತೀರಿ? ಕರೆಂಟ್ ಕೆಟ್ರೆ ನೀವೇನ್ ಮಾಡೀರಿ? ಕರ ಓದೊ, ನನ್ ಅಣೆಬರ. ರಕ್ತ ಮಾತ್ರ ಗಟ್ಟಿ ಇತ್ತು, ಅಲ್ವಾ? ಮುಂದಿನ್ ಸಲಿ ಇನ್ನೂ ಗಟ್ಟಿ ಮಾಡ್ತೀನಿ." ತಲೆ ಎತ್ತಿ ಅಟ್ಟದ ಕಡೆ ಕೈ ತೋರಿಸಿದಳು. "ಕಂಬ್ಳಿ ತುಂಡ ಅಂಗೇ ಮಡಗಿವ್ನಿ. ಬರೋ ಸುಗ್ಗೀಲಿ ಎಲ್ಡು ಸಲಿ ಒರ್ಸ್ತೀನಿ, ಕುರೀನೂ ಬುಡಾಕಿಲ್ಲ, ಎಮ್ಮೇನೂ ಬುಡಾಕಿಲ್ಲ."

ಡಾಕ್ಟರು ಅಟ್ಟದ ಕಡೆ ನೋಡಿದರು. ನನ್ನ ಕಡೆ ನೋಡಿದರು. ಇನ್ನು ಸುಳ್ಳು ಹೇಳುವಂತಿರಲಿಲ್ಲ, ಹೇಳಿದರೆ ಬರುವ ವರ್ಷ ಇನ್ನೊಂದು ಕೊಟ್ಟಿಗೆ ಕರು ಸಾಯುತ್ತಿದ್ದವು. ಅವರು ಜಗಲಿಯಿಂದ ಕೆಳಗಿಳಿದು, ಅವಳ ಎದುರಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮೊದಲಿನಿಂದ ಹೇಳಿದರು. ಸೀಸೆಯಲ್ಲಿ ಏನು ಬೆಳೆಸುತ್ತೇವೆ, ರಕ್ತದ ತಿಳಿ ಯಾತಕ್ಕೆ, ಅದು ಮದ್ದಲ್ಲ, ಬರೀ ಊಟ. ರೋಗ ಗೆದ್ದ ರಕ್ತ ಸೀಸೆಯಲ್ಲಿ ರೋಗವನ್ನು ಬೆಳೆಯಲು ಬಿಡುವುದಿಲ್ಲ, ಬೆಳೆಯದೆ ಮದ್ದು ಆಗುವುದಿಲ್ಲ. ಕರೆಂಟು ಕೆಟ್ಟಿರಲಿಲ್ಲ. ಇನ್ನು ನಾವು ಬರುವುದೂ ಇಲ್ಲ. ಅವರು ತಮಿಳಿನಲ್ಲಿ ಎಷ್ಟು ನಿಧಾನವಾಗಿ, ಎಷ್ಟು ಮೆತ್ತಗೆ ಹೇಳಿದರು ಅಂದರೆ ಒಂದು ಮಗುವಿಗೂ ಅರ್ಥವಾಗುತ್ತಿತ್ತು. ಅವಳಿಗೆ ಪೂರ್ತಿ ಅರ್ಥವಾಯಿತು. ಮಾದಪ್ಪ ಗೋಡೆಗೆ ಒರಗಿಕೊಂಡ.

ಅವಳು ತನ್ನ ಅಂಗೈ ನೋಡಿಕೊಂಡಳು. ಒರೆಸಿದ ಕೈ ಅದೇ. ಆಮೇಲೆ ಕೇಳಿದಳು, ಸಿಟ್ಟಿಲ್ಲದೆ, ಲೆಕ್ಕ ಸರಿಯಾಯಿತಾ ಅಂತ ಕೇಳುವವಳ ಹಾಗೆ:

"ಅಂಗಾರೆ ನಾನು ಏನೂ ಮಾಡ್ದೆ ಸುಮ್ಕೆ ಕೂತಿದ್ದಿದ್ರೆ, ಮದ್ದೂ ಬತ್ತಿತ್ತು. ನನ್ ಕರಾನೂ ಇರ್ತಿದ್ದೊ."

ಇಲ್ಲ ಅನ್ನಿ ಸಾರ್, ಅದೊಂದನ್ನು ಇಲ್ಲ ಅನ್ನಿ ಅಂತ ನನ್ನ ಜೀವ ಒಳಗೇ ಕೂಗಿತು. ಡಾಕ್ಟರು ಅವಳ ಮುಖ ನೋಡಿದರು.

"ಆಮಾಮ್ಮಾ" ಅಂದರು. ಹೌದಮ್ಮ.

ಅವಳು ತಲೆಯಾಡಿಸಿದಳು. ಒಳಗೆ ಕೊಟ್ಟಿಗೆಯಲ್ಲಿ ಹಸುಗಳು ಅರಚುತ್ತಿದ್ದವು, ಹಾಲು ಕರೆಯುವ ಹೊತ್ತು. ಅವಳು ಎದ್ದು, ತಂಬಿಗೆ ತೆಗೆದುಕೊಂಡು ಹೋಗಿ ಒಂದು ಹಸುವಿನ ಪಕ್ಕ ಕೂತಳು. ಕರು ಮೂತಿ ಹಾಕದೆ ನಾಟಿ ಹಸು ಹಾಲು ಇಳಿಸುವುದಿಲ್ಲ. ಕೆಚ್ಚಲು ಕಲ್ಲಾಗಿತ್ತು. ಅವಳು ಕೈಯಿಂದ ನೀವುತ್ತಲೇ ಇದ್ದಳು, ಹಸು ಹಿಂದೆ ತಿರುಗಿ ಕರುವನ್ನು ಹುಡುಕುತ್ತಲೇ ಇತ್ತು. ನಾವು ಬಸ್ಸಿಗೆ ಹೊರಟಾಗಲೂ ತಂಬಿಗೆಯಲ್ಲಿ ಒಂದು ಹನಿ ಬಿದ್ದಿರಲಿಲ್ಲ.